ಪ್ರತಿಷ್ಠೆಯ ಮರುದಿನ



ಪಂಚಕಲ್ಯಾಣದ ಸಂಭ್ರಮವು ಐದು ದಿನಗಳದು. ತಳಿರುತೋರಣ, ಮಂಗಳವಾದ್ಯ, ಅಗ್ರೋದಕದ ಮೆರವಣಿಗೆ, ಅನ್ನಸಂತರ್ಪಣೆ ಎಲ್ಲವೂ ಕಣ್ಮನಗಳನ್ನು ತಣಿಸುವಂಥವು. ಆದರೆ ಚಪ್ಪರದ ಸೋಗೆಯನ್ನು ಇಳಿಸಿದ ಮೇಲೆ, ನೆಂಟರಿಷ್ಟರು ತಂತಮ್ಮ ಊರುಗಳಿಗೆ ತೆರಳಿದ ಮೇಲೆ, ಮರುದಿನ ಮುಂಜಾನೆ ಬಸದಿಯ ಬಾಗಿಲಿಗೆ ಬರುವವರು ಯಾರು? ಮಂಗಳಕಾರ್ಯದ ವೇದಿಕೆಯಲ್ಲಿ ಈ ಪ್ರಶ್ನೆಯನ್ನೆತ್ತುವುದು ಅನುಚಿತವಲ್ಲ. ಇದರ ಉತ್ತರವನ್ನು ದೂರದಲ್ಲೆಲ್ಲೂ ಅರಸಬೇಕಾಗಿಲ್ಲ. ಕಾರ್ಕಳದಂಥ ಒಂದು ಚಿಕ್ಕ ಊರಿನ ದಿನಚರಿಯನ್ನು ಕಣ್ದೆರೆದು ನೋಡಿದರೆ ಸಾಕು.

ಗೊಮ್ಮಟಬೆಟ್ಟದ ಮೇಲೆ ನಿಂತು ನೋಡಿದವರಿಗೆ ಕಾರ್ಕಳದ ಚೆಲುವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಮೂಡಣ ದಿಕ್ಕಿನಲ್ಲಿ ಸಹ್ಯಾದ್ರಿಯ ನೀಲಿ ಸಾಲು. ಕೆಳಗೆ ತೆಂಗುಕಂಗುಗಳ ನಡುವೆ ಹೆಂಚಿನ ಮಾಡುಗಳು. ಆನೆಕೆರೆಯ ನೀರಿನ ನಡುವೆ ಪುಟ್ಟದೊಂದು ಬಸದಿ. ಎದುರಿನ ಕಿರುಬಂಡೆಯ ಮೇಲೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚತುರ್ಮುಖ ಬಸದಿ. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠೆ ಮಾಡಿಸಿದ 42 ಅಡಿಗಳ ಬಾಹುಬಲಿಯು ಇವೆಲ್ಲಕ್ಕೂ ಸಾಕ್ಷಿಯಾಗಿ ನಿಂತಿದ್ದಾನೆ.

ಆ ಶಿಲಾಮೂರ್ತಿಯ ಕೆಳಗೆ ಊರಿನ ಬಾಳು ತನ್ನ ಪಾಡಿಗೆ ಸಾಗುತ್ತದೆ. ನಸುಕಿನಲ್ಲಿ ಇಂದ್ರರು ಮಡಿಯುಟ್ಟು ಬಾವಿಯಿಂದ ನೀರು ಸೇದುತ್ತಾರೆ. ಮನೆವಾರ್ತೆಯ ನಡುವೆಯೇ ಬಿಡುವು ಮಾಡಿಕೊಂಡ ಗೃಹಿಣಿ ಬೊಗಸೆ ಅಕ್ಷತೆಯೊಡನೆ ಬಂದು, ಅಭಿಷೇಕವನ್ನು ನೋಡಿ, ಗಂಧೋದಕವನ್ನು ಹಣೆಗೊತ್ತಿಕೊಂಡು ಮರಳುತ್ತಾಳೆ. ಪರೀಕ್ಷೆಯ ದಿನ ಶಾಲೆಯ ಹುಡುಗನೊಬ್ಬ ಪುಸ್ತಕದ ಚೀಲವನ್ನು ಜಗಲಿಯಲ್ಲಿಟ್ಟು ಅವಸರದಲ್ಲಿ ಪ್ರದಕ್ಷಿಣೆ ಬರುತ್ತಾನೆ. ಪೇಟೆಯಲ್ಲಿ ಮಲ್ಲಿಗೆ ಮಾರುವವರು ಬಾಳೆನಾರಿನಲ್ಲಿ ಕಟ್ಟಿದ ಹೂವನ್ನು ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ. ಅದನ್ನು ಕಟ್ಟಿದ ಕೈ ಯಾವ ಮತದ್ದೆಂದು ಕೊಳ್ಳುವವರು ಕೇಳುವುದಿಲ್ಲ. ಅತ್ತೂರಿನ ಇಗರ್ಜಿಯ ಜಾತ್ರೆಗೆ ಎಲ್ಲ ಮನೆತನದವರೂ ಹೋಗಿಬರುತ್ತಾರೆ. ಸಂಜೆ ಹೊತ್ತು ಕಂತುವ ಮುನ್ನವೇ ಶ್ರಾವಕರ ಮನೆಗಳಲ್ಲಿ ಎಲೆ ಹಾಕುವುದನ್ನು ಕಂಡು, ನೆರೆಮನೆಯವರು ಗಡಿಯಾರ ನೋಡದೆಯೇ ಹೊತ್ತನ್ನು ತಿಳಿಯುತ್ತಾರೆ.

ಈ ಊರಿನ ಕಲ್ಲಿಗೂ ಉಳಿಗೂ ಇರುವ ನಂಟು ಶತಮಾನಗಳಾಚೆಯದಾದರೂ ಹಳತಾಗಿಲ್ಲ. ಧರ್ಮಸ್ಥಳದ 39 ಅಡಿಗಳ ಬಾಹುಬಲಿಯನ್ನು ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು ಕಡೆದುದು ಕಾರ್ಕಳದಲ್ಲಿಯೇ. 1973ರಲ್ಲಿ ಆ ಮೂರ್ತಿಯು ಇಲ್ಲಿಂದ ಹೊರಟಿತು. 1982ರಲ್ಲಿ ಧರ್ಮಸ್ಥಳದ ಬೆಟ್ಟದಲ್ಲಿ ಅದರ ಪ್ರತಿಷ್ಠೆಯಾಯಿತು. ಜಿನಬಿಂಬವನ್ನು ಕಡೆಯುವ ಕೈ ಜೈನನದೇ ಆಗಬೇಕೆಂದು ಊರು ಎಂದೂ ಎಣಿಸಲಿಲ್ಲ. ಶ್ರದ್ಧೆಯಿಂದ ಉಳಿ ಹಿಡಿದವನೂ ಧರ್ಮಪ್ರಭಾವನೆಯಲ್ಲಿ ಪಾಲುದಾರನೇ ಸರಿ.

ಹಿಂದಿನವರು ಮರುದಿನದ ಚಿಂತೆಯನ್ನು ಪ್ರತಿಷ್ಠೆಯ ದಿನವೇ ಮಾಡಿದ್ದರು. 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನು ಕಲ್ಲುಕಂಬಗಳನ್ನು ನಿಲ್ಲಿಸಿ ಸುಮ್ಮನಾಗಲಿಲ್ಲ. ನಾಲ್ಕೂ ದಿಕ್ಕಿಗೆ ಕಾಣುವ ಅರನಾಥ, ಮಲ್ಲಿನಾಥ, ಮುನಿಸುವ್ರತ ತೀರ್ಥಂಕರರ ನಿತ್ಯಪೂಜೆಗೆ ಭೂಮಿಯ ಉತ್ಪನ್ನವನ್ನು ಬಿಟ್ಟುಕೊಟ್ಟು, ಅದನ್ನು ಶಾಸನದಲ್ಲಿ ಬರೆಯಿಸಿದನು. ಅಕ್ಕಿಯ ಲೆಕ್ಕವೂ ಧರ್ಮದ ಲೆಕ್ಕವೇ ಎಂಬುದನ್ನು ಆ ಅರಸನು ಅರಿತಿದ್ದನು.

ಆ ಏರ್ಪಾಡು ಇಂದು ಹಾಗೆಯೇ ಉಳಿದಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದನು. ದುಡಿದವನಿಗೆ ನೆಲ ದೊರೆತುದು ನ್ಯಾಯವೇ. ಅದಕ್ಕಾಗಿ ಮರುಗುವುದು ಅಪರಿಗ್ರಹವನ್ನು ಬೋಧಿಸುವ ಧರ್ಮಕ್ಕೆ ತಕ್ಕುದಲ್ಲ. ಆದರೆ ಗೇಣಿಯ ಅಕ್ಕಿಯನ್ನೇ ನಂಬಿದ್ದ ಅನೇಕ ಬಸದಿಗಳ ನಿತ್ಯವಿಧಿಗೆ ಅಂದಿನಿಂದ ಬೇರೆ ಆಸರೆ ಬೇಕಾಯಿತು. ಅದರ ಜೊತೆಗೇ ತರುಣರು ಮುಂಬಯಿ, ಬೆಂಗಳೂರು, ಕೊಲ್ಲಿನಾಡುಗಳತ್ತ ಹೊರಟರು. ದೊಡ್ಡ ಮನೆಗಳಲ್ಲಿ ಇಬ್ಬರು ಮುದುಕರು, ಒಂದು ದೀಪ — ಇಷ್ಟೇ ಉಳಿದ ಉದಾಹರಣೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ.

2015ರ ಮಹಾಮಸ್ತಕಾಭಿಷೇಕದಲ್ಲಿ ಗೊಮ್ಮಟಬೆಟ್ಟವು ಜನಸಾಗರದಿಂದ ತುಂಬಿತು. ಊರು ಬಿಟ್ಟವರು ಬಂದರು, ಹಣ ಹರಿದುಬಂತು, ಕಣ್ಣೀರೂ ಹರಿಯಿತು. ಉತ್ಸವಕ್ಕೆ ಬರುವ ಭಕ್ತಿ ಹುಸಿಯೆನ್ನಲಾಗದು. ಆದರೆ ಹನ್ನೆರಡು ವರುಷಗಳಿಗೊಮ್ಮೆ ಬರುವ ಹಾಲಿನ ಹೊಳೆಗಿಂತ, ದಿನವೂ ಬೀಳುವ ಒಂದು ತಂಬಿಗೆ ನೀರು ಬಸದಿಯನ್ನು ಹೆಚ್ಚು ಕಾಲ ಉಳಿಸುತ್ತದೆ. ಜನಸಂಚಾರವಿಲ್ಲದ ಅಂಗಳದಲ್ಲಿ ಒಂದೇ ಮಳೆಗಾಲಕ್ಕೆ ಪಾಚಿ ಕಟ್ಟುತ್ತದೆ. ಮಾಡಿನ ಒಂದು ಹೆಂಚು ಜಾರಿದುದನ್ನು ನೋಡುವ ಕಣ್ಣಿಲ್ಲದಿದ್ದರೆ ಮರದ ಜಂತಿ ಕುಂಬಾಗುತ್ತದೆ. ಬಸದಿಯು ಬೀಳುವುದು ಶತ್ರುವಿನ ಕೈಯಿಂದಲೇ ಆಗಬೇಕೆಂದಿಲ್ಲ. ಬಂಧುವಿನ ಮರೆವೂ ಸಾಕು.

ಆದುದರಿಂದ ಇಂದು ನೂತನ ಬಿಂಬದೆದುರು ಕೈಮುಗಿದವರು ಮರುದಿನಕ್ಕೆ ತಮ್ಮಿಂದಾಗುವ ಒಂದು ಸಣ್ಣ ನೇಮವನ್ನು ಹಿಡಿಯಲಿ. ಊರಿನಲ್ಲಿರುವ ಪ್ರತಿ ಮನೆಯೂ ತಿಂಗಳಿಗೆ ಒಂದು ದಿನದ ಪೂಜೆಯ ಹೊಣೆ ಹೊರಲಿ. ಪರವೂರಿನಲ್ಲಿರುವವರು ರಜೆಗೆ ಬಂದಾಗ ಮಕ್ಕಳ ಕೈಗೆ ಪೊರಕೆ ಕೊಟ್ಟು ಅಂಗಳವನ್ನು ಗುಡಿಸಿಸಲಿ; ಗುಡಿಸಿದ ಅಂಗಳವನ್ನು ಮಗು ತನ್ನದೆಂದು ನೆನೆಯುತ್ತದೆ. ಪೂಜೆ ನಡೆಸುವ ಇಂದ್ರರ ಮನೆಯ ಒಲೆಯ ಚಿಂತೆಯು ಸಮಾಜದ ಚಿಂತೆಯಾಗಲಿ.

ಬಿಂಬಕ್ಕೆ ಪ್ರಾಣಪ್ರತಿಷ್ಠೆ ಮಾಡುವವರು ಪ್ರತಿಷ್ಠಾಚಾರ್ಯರು. ಬಸದಿಗೆ ಪ್ರಾಣ ತುಂಬುವವರು, ಮಳೆಯಿರಲಿ ಬಿಸಿಲಿರಲಿ, ದಿನವೂ ಆ ಮೆಟ್ಟಿಲನ್ನು ತುಳಿಯುವ ಊರವರು. ಆ ಮೆಟ್ಟಿಲು ಎಂದಿಗೂ ಪಾಚಿಗಟ್ಟದಿರಲಿ.

ಸರ್ವರಿಗೂ ಮಂಗಳವಾಗಲಿ. ಜಯ ಜಿನೇಂದ್ರ.