ತಂದೆಯ ಹೆಸರಿನ ಜಾಗ

ಗೆಳತಿಯರೇ, ಹೊಸಪೇಟೆಗೆ ಬಂದ ನೆಂಟರನ್ನು ನಾವು ಹಂಪಿಗೆ ಕರೆದೊಯ್ದು ಕಲ್ಲಿನ ರಥ ತೋರಿಸುತ್ತೇವೆ. ಸಂಡೂರು, ಕಂಪ್ಲಿ ಕಡೆಯ ಕೇರಿಗಳ ಸುದ್ದಿ ಎತ್ತುವುದಿಲ್ಲ. ಅಲ್ಲಿನ ದೇವದಾಸಿಯ ಮಗಳು ಶಾಲೆಯ ಅರ್ಜಿ ತುಂಬುವಾಗ 'ತಂದೆಯ ಹೆಸರು' ಎಂಬಲ್ಲಿ ತಡವರಿಸುತ್ತಾಳೆ.

ಮುತ್ತು ಕಟ್ಟುವುದನ್ನು ಅಪರಾಧವೆಂದದ್ದು 1982ರ ಕಾಯ್ದೆ. ಕಟ್ಟಿಸಿದ ಹೆತ್ತವರಿಗೆ ಐದು ವರ್ಷದವರೆಗೆ ಸಜೆ. ದೇವದಾಸಿ ಮದುವೆಯಾದರೆ ಅದು ಸಿಂಧು, ಆ ಮಕ್ಕಳು ಸಕ್ರಮ ಎಂದೂ ಅದು ಹೇಳಿತು. ಸರಿಯೇ. ಆದರೆ ಮದುವೆಯೇ ಇಲ್ಲದೆ ಮಗು ಹುಟ್ಟಿಸಿದವನ ಹೊಣೆಯೇನು? ಕಾಯ್ದೆ ಆ ಮಾತೇ ಆಡಲಿಲ್ಲ. ಜೈಲಿನ ಭಯ ಬಡತಾಯಿಗೆ, ಊರ ಸಾಹುಕಾರನಿಗಲ್ಲ! 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳಲ್ಲಿ ಗುರುತಿಸಲಾದ ದೇವದಾಸಿಯರು 46,660.

ಅವರ ಮಕ್ಕಳು ಬೆಳೆದರು, ಓದಿದರು, ಸಂಘಟಿತರಾಗಿ ತಾವೇ ಪ್ರಶ್ನೆ ಕೇಳತೊಡಗಿದರು. ಅದು ಕೇರಿಯ ಪ್ರಶ್ನೆಯಷ್ಟೇ ಅಲ್ಲ. ಸಾಧ್ಯವಾದಷ್ಟೂ ತನ್ನ ತಂದೆತಾಯಿ ಯಾರೆಂದು ತಿಳಿಯುವ ಹಕ್ಕು ಮಗುವಿಗಿದೆ ಎನ್ನುತ್ತದೆ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿ. ಭಾರತ ಅದನ್ನು 1992ರಲ್ಲೇ ಒಪ್ಪಿದೆ.

2025ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಹೊಸ ಮಸೂದೆಯ ಪ್ರಕಾರ ದೇವದಾಸಿಯ ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ತಂದೆಯನ್ನು ಗುರುತಿಸಿಕೊಡಿ ಎಂದು ಕೇಳಲೂಬಹುದು. ಹೆಸರು ಬೇಡ ಎಂಬುದೂ ಬೇಕು ಎಂಬುದೂ ಒಂದಕ್ಕೊಂದು ವಿರುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸದು. ಬರೆಯುವುದೂ ಬಿಡುವುದೂ ಅವಳ ಇಷ್ಟ. ಇಷ್ಟು ದಿನ ಅದು ಗುಮಾಸ್ತನ ಇಷ್ಟವಾಗಿತ್ತು.

ನಿಮ್ಮ ಪಕ್ಕದ ಬೆಂಚಿನವಳು ನಾಳೆ ಆ ಜಾಗ ಖಾಲಿ ಬಿಟ್ಟು ಕುಳಿತರೆ, ತಾಯಿಯ ಹೆಸರು ಸಾಕೆಂದು ಮೇಡಂಗೆ ನೀವೇ ಎದ್ದು ಹೇಳಿ.