ಜರ್ಮನ್ ಬೋಗುಣಿಗೆ ಆ ಹೆಸರು ಹೇಗೆ ಬಂತು?



ಬೈಲಹೊಂಗಲದ ಸಂತೆಯಲ್ಲಿ ಹಿರಿಯ ಹೆಣ್ಣುಮಗಳೊಬ್ಬಳು ಪಾತ್ರೆ ಅಂಗಡಿಯ ಮುಂದೆ ನಿಂತು, ‘ತಮ್ಮಾ, ಈ ಜರ್ಮನ್ ಬೋಗುಣಿ ಎಷ್ಟಕ್ಕ ಕೊಡ್ತಿ?’ ಎಂದರೆ ಅಂಗಡಿಯವನಿಗೆ ಗೊಂದಲವಾಗುವುದಿಲ್ಲ. ಹಗುರಾದ, ಬೂದು ಬಿಳುಪಿನ ಪಾತ್ರೆಯನ್ನು ಎತ್ತಿ ಕೊಡುತ್ತಾನೆ. ಆಕೆಯ ಮೊಮ್ಮಗ ಶಾಲೆಯಲ್ಲಿ ‘ಅಲ್ಯುಮಿನಿಯಂ ಒಂದು ಧಾತು, ಪರಮಾಣು ಸಂಖ್ಯೆ 13’ ಎಂದು ಬಾಯಿಪಾಠ ಮಾಡುತ್ತಿರುತ್ತಾನೆ. ಪುಸ್ತಕದ ಅಲ್ಯುಮಿನಿಯಂ ಮತ್ತು ಅಜ್ಜಿಯ ಜರ್ಮನ್ ಎರಡೂ ಒಂದೇ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಈ ಪಾತ್ರೆಗೂ ಜರ್ಮನಿಗೂ ನೇರ ಸಂಬಂಧವೇನೂ ಇಲ್ಲ. 19ನೇ ಶತಮಾನದಲ್ಲಿ ಜರ್ಮನಿಯವರು ತಾಮ್ರ, ಸತು ಮತ್ತು ನಿಕ್ಕಲ್ ಬೆರೆಸಿ ಬೆಳ್ಳಿಯಂತೆ ಹೊಳೆಯುವ ಮಿಶ್ರಲೋಹ ತಯಾರಿಸಿದರು. ಇಂಗ್ಲಿಷರು ಅದನ್ನು ‘ಜರ್ಮನ್ ಸಿಲ್ವರ್’ ಎಂದು ಕರೆದರು. ಅದರಲ್ಲಿ ಬೆಳ್ಳಿ ಗುಂಜಿಯಷ್ಟೂ ಇಲ್ಲ. ಮುಂದೆ ಅಲ್ಯುಮಿನಿಯಂ ಪಾತ್ರೆ ಪೇಟೆಗೆ ಬಂದಾಗ ಅದರ ಬಿಳುಪು ಕಂಡು ಹಳೆಯ ಹೆಸರೇ ಅಂಟಿಕೊಂಡಂತೆ ಕಾಣುತ್ತದೆ. ‘ಸಿಲ್ವರ್’ ಉದುರಿತು, ‘ಜರ್ಮನ್’ ಉಳಿಯಿತು. ಮರಾಠಿಯಲ್ಲೂ ಇದೇ ರೂಢಿ. 1827ರಲ್ಲಿ ಈ ಲೋಹವನ್ನು ಬೇರ್ಪಡಿಸಿದ ವೋಲರ್ ಜರ್ಮನಿಯವನೇ, ನಿಜ. ಆದರೆ ಪಾತ್ರೆ ವ್ಯಾಪಾರಿಗಳು ಆತನನ್ನು ನೆನೆದು ಹೆಸರಿಟ್ಟರು ಎನ್ನುವುದು ಅತಿಯಾದೀತು.

ಇಂಗ್ಲಿಷ್ ಹೆಸರಿನ ಕಥೆಯೂ ನೆಟ್ಟಗಿಲ್ಲ. ಲ್ಯಾಟಿನ್ನಿನ ‘ಅಲ್ಯುಮೆನ್’ ಎಂದರೆ ಪಟಿಕ. ಕ್ಷೌರದ ನಂತರ ಗಲ್ಲಕ್ಕೆ ಉಜ್ಜುವ, ಕೆಸರು ನೀರು ತಿಳಿಯಾಗಲು ಹಾಕುವ ಅದೇ ಪಟಿಕ. ರಾಮದುರ್ಗ, ಸುರೇಬಾನದಂಥ ನೇಕಾರರ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ; ಬೇರು ತೊಗಟೆಗಳ ಬಣ್ಣ ನೂಲಿಗೆ ಕಚ್ಚಬೇಕಾದರೆ ಹಿಂದೆ ಪಟಿಕವೇ ಬೇಕಿತ್ತು. ಪಟಿಕದಲ್ಲಿ ಲೋಹವೊಂದು ಅಡಗಿದೆ ಎಂದು ಊಹಿಸಿದ ಇಂಗ್ಲೆಂಡಿನ ಹಂಫ್ರಿ ಡೇವಿ 1808ರಲ್ಲಿ ಅದಕ್ಕೆ ‘ಅಲ್ಯುಮಿಯಂ’ ಎಂದು ಹೆಸರಿಟ್ಟ. 1812ರಲ್ಲಿ ತಾನೇ ಬದಲಿಸಿ ‘ಅಲ್ಯುಮಿನಂ’ ಎಂದ. ಸೋಡಿಯಂ, ಪೊಟ್ಯಾಸಿಯಂಗಳ ಸಾಲಿಗೆ ಅದು ಹೊಂದುವುದಿಲ್ಲವೆಂದು ಬೇರೆಯವರು ‘ಅಲ್ಯುಮಿನಿಯಂ’ ಮಾಡಿದರು. ಲೋಹ ಕಣ್ಣಿಗೆ ಬೀಳುವ ಮೊದಲೇ ಹೆಸರಿನ ಜಗಳ! ಅಮೆರಿಕದ ರಸಾಯನಶಾಸ್ತ್ರ ಸಂಘ 1925ರಲ್ಲಿ ‘ಅಲ್ಯುಮಿನಂ’ ಒಪ್ಪಿಕೊಂಡಿತು. ಅಂತರರಾಷ್ಟ್ರೀಯ ಸಂಘ 1990ರಲ್ಲಿ ‘ಅಲ್ಯುಮಿನಿಯಂ’ ಎಂದು ಗೊತ್ತುಮಾಡಿ, 1993ರಲ್ಲಿ ಇನ್ನೊಂದು ರೂಪಕ್ಕೂ ಒಪ್ಪಿಗೆ ಕೊಟ್ಟಿತು. ಕನ್ನಡಕ್ಕೆ ಬಂದದ್ದು ಬ್ರಿಟಿಷರ ರೂಪ.

ಒಂದು ಕಾಲಕ್ಕೆ ಇದು ಬಡವರ ಲೋಹವಾಗಿರಲಿಲ್ಲ. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಅಲ್ಯುಮಿನಿಯಂ ಶಿಖರ ಕೂರಿಸಿದಾಗ ಅದು ಬೆಲೆಬಾಳುವ ವಸ್ತುವಾಗಿತ್ತು. 1886ರಲ್ಲಿ ವಿದ್ಯುತ್ತಿನಿಂದ ಅದನ್ನು ತೆಗೆಯುವ ವಿಧಾನ ಸಿಕ್ಕ ಮೇಲೆ ಬೆಲೆ ಇಳಿಯಿತು. ಕಿತ್ತೂರಿನಿಂದ ಹೆದ್ದಾರಿ ಹಿಡಿದು ಬೆಳಗಾವಿ ಊರು ದಾಟಿದರೆ, ಮೊದಲು ಇಂಡಾಲ್ ಎನ್ನುತ್ತಿದ್ದ ಈಗಿನ ಹಿಂಡಾಲ್ಕೊ ಕಾರ್ಖಾನೆ ಸಿಗುತ್ತದೆ. ಅಲ್ಲಿ ಬಾಕ್ಸೈಟ್ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಅಲ್ಯುಮಿನಾ ಎಂಬ ಬಿಳಿ ಪುಡಿ ತೆಗೆಯುತ್ತಾರೆ. ಈ ಲೋಹಕ್ಕೆ ತಾಯಿ ಆ ಪುಡಿಯೇ.

ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗಿ ಅಲ್ಲೇ ಅಡಿಗೆ ಮಾಡುವವರಿಗೆ ಹಗುರ ಪಾತ್ರೆ ಎಷ್ಟು ಅನುಕೂಲವೆಂದು ಹೇಳಬೇಕಿಲ್ಲ. ಅದೇ ಗಾತ್ರದ, ಅದೇ ದಪ್ಪದ ತಾಮ್ರದ ಪಾತ್ರೆಯ ತೂಕದಲ್ಲಿ ಇದು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಹುಳಿ ಇದಕ್ಕೆ ಆಗದು. ಹುಣಸೆಹಣ್ಣಿನ ಸಾರು, ಮಜ್ಜಿಗೆ ರಾತ್ರಿಯಿಡೀ ಇಟ್ಟರೆ ಲೋಹ ಅಷ್ಟಿಷ್ಟು ಬಿಟ್ಟುಕೊಳ್ಳುತ್ತದೆ. ತಾಮ್ರ, ಹಿತ್ತಾಳೆಗಾದರೆ ಕಲಾಯಿ ಹಾಕಿಸುತ್ತಿದ್ದರು. ಜರ್ಮನ್ ಪಾತ್ರೆಗೆ ಆ ರೂಢಿಯಿಲ್ಲ. ಹುಳಿಯನ್ನು ಬೇರೆ ಪಾತ್ರೆಗೆ ಸುರಿಯುವುದೇ ದಾರಿ.

ಈಗ ಪೇಟೆಯಲ್ಲಿ ಹಳೆಯ ಹೆಸರು ಮತ್ತೆ ಕಾಣಿಸಿಕೊಂಡಿದೆ. ‘ಜರ್ಮನ್ ಸಿಲ್ವರ್’ ಪೂಜಾ ತಟ್ಟೆ, ಕುಂಕುಮದ ಬಟ್ಟಲುಗಳನ್ನು ಮದುವೆಯ ಉಡುಗೊರೆಗೆ ಕೊಳ್ಳುತ್ತಾರೆ. ‘ಜರ್ಮನ್’ ಎಂಬುದನ್ನಷ್ಟೇ ಕೇಳಿಸಿಕೊಂಡ ಅಜ್ಜಿ, ಬೋಗುಣಿಯ ಲೋಹಕ್ಕೆ ಇಷ್ಟು ರೊಕ್ಕವೇ ಎಂದು ಮುಖ ತಿರುಗಿಸುತ್ತಾಳೆ. ‘ಸಿಲ್ವರ್’ ಎಂಬುದನ್ನಷ್ಟೇ ಓದಿದ ಮೊಮ್ಮಗಳು ಬೆಳ್ಳಿಯೇ ಎಂದುಕೊಂಡು ರೊಕ್ಕ ಎಣಿಸುತ್ತಾಳೆ. ತಟ್ಟೆಯಲ್ಲಿ ಇರುವುದು ಎರಡೂ ಅಲ್ಲ.