ಕಿವಿಯ ದಾರಿಯಿಂದ ಅಭ್ಯಾಸ: ಪಾಠಗಳನ್ನು ಪ್ಲೇಲಿಸ್ಟ್ ಮಾಡಿಕೊಳ್ಳುವ ಬಗೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಉಪನ್ಯಾಸಕರು ಹೇಳಿದ ಪಾಠವನ್ನು ಧ್ವನಿಮುದ್ರಿಸಿ, ಅದನ್ನು ಸರಿಯಾಗಿ ಪಟ್ಟಿ ಮಾಡಿಕೊಂಡು, ಮತ್ತೆ ಮತ್ತೆ ಕೇಳಿ ಕಲಿಯುವುದು ಹೇಗೆ ಎಂಬುದು ಈ ದಿನ ನನಗೆ ಒಪ್ಪಿಸಿರುವ ವಿಷಯ. ಇದು ಹೊಸ ಕಾಲದ ಮಾತು ಎಂದು ಕೆಲವರಿಗೆ ಅನಿಸಬಹುದು. ನಿಜವಾಗಿ ನೋಡಿದರೆ ಇದು ನಮ್ಮ ನೆಲದ ಹಳೆಯ ವಿದ್ಯೆ.

ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ದೃಷ್ಟಿ ಇರಲಿಲ್ಲ. ಅದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಸಂಗೀತವನ್ನು ಅವರು ಕಿವಿಯಿಂದಲೇ ತುಂಬಿಕೊಂಡರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಲೆಮಾರುಗಳ ಅಂಧ ಮತ್ತು ಬಡ ಮಕ್ಕಳು ಹಾಗೆಯೇ ಕಲಿತರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಶಿಗ್ಗಾಂವ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫ ಸಾಹೇಬರ ತತ್ವಪದಗಳು ನಮಗೆ ಉಳಿದು ಬಂದದ್ದೂ ಬಹುಪಾಲು ಭಜನೆಯವರ ಬಾಯಿಂದ ಬಾಯಿಗೆ. ಆದ್ದರಿಂದ ಕೇಳಿ ಕಲಿಯುವುದು ಕಡಿಮೆ ದರ್ಜೆಯ ಕಲಿಕೆ ಎಂದು ಯಾರೂ ತಿಳಿಯಬಾರದು.

ಆದರೆ ಬರೀ ಕೇಳಿದರೆ ಸಾಲದು, ಅದಕ್ಕೊಂದು ವ್ಯವಸ್ಥೆ ಬೇಕು. ಇದನ್ನು ನಾನು ಕಲಿತದ್ದು ನನ್ನ ಆಪಾನ ಮಗಳಿಂದ. ಅವಳು ಎಸ್ಸೆಸ್ಸೆಲ್ಸಿ ತನಕ ಉರ್ದು ಮಾಧ್ಯಮ. ಪಿಯುಸಿಗೆ ಬಂದಾಗ ಇತಿಹಾಸ, ಸಮಾಜಶಾಸ್ತ್ರ ಎಲ್ಲವೂ ಕನ್ನಡದಲ್ಲಿ. ತರಗತಿಯಲ್ಲಿ ಅರ್ಥವಾಗದ್ದನ್ನು ಮನೆಯಲ್ಲಿ ಕೇಳೋಣವೆಂದು ಅವಳು ಉಪನ್ಯಾಸಕರ ಒಪ್ಪಿಗೆ ಪಡೆದು ವರ್ಷವಿಡೀ ಪಾಠಗಳನ್ನು ಮೊಬೈಲಿನಲ್ಲಿ ತುಂಬಿಕೊಂಡಳು. ಗೆಳತಿಯರು ವಾಟ್ಸಾಪಿನಲ್ಲಿ ಕಳಿಸಿದ್ದೂ ಅದರಲ್ಲೇ ಸೇರಿತು. ಪರೀಕ್ಷೆಯ ಹಿಂದಿನ ರಾತ್ರಿ ನೋಡಿದರೆ ನೂರೈವತ್ತಕ್ಕೂ ಹೆಚ್ಚು ಕಡತಗಳು. ಒಂದಕ್ಕೂ ಹೆಸರಿಲ್ಲ, ಬರೀ ತಾರೀಖು ಮತ್ತು ಅಂಕಿ. ಬೇಕಾದ ಅಧ್ಯಾಯ ಹುಡುಕುವುದರಲ್ಲೇ ಎರಡು ತಾಸು ಹೋಯಿತು. ಆ ವರ್ಷ ಎರಡು ವಿಷಯಗಳಲ್ಲಿ ಅವಳು ನಪಾಸಾದಳು. ಮನೆಯಲ್ಲಿ, ಇನ್ನು ಓದು ಸಾಕು, ಒಂದು ಒಳ್ಳೆಯ ಸಂಬಂಧ ನೋಡೋಣ ಎಂಬ ಮಾತು ಎದ್ದಿತು. ಇಲ್ಲಿ ಕುಳಿತಿರುವ ಎಷ್ಟೋ ಹುಡುಗಿಯರಿಗೆ ಈ ಮಾತು ಹೊಸದಲ್ಲ. ಒಂದು ನಪಾಸು ಹುಡುಗನಿಗೆ ಒಂದು ವರ್ಷದ ನಷ್ಟ, ಹುಡುಗಿಗೆ ಅದು ಓದಿನ ಕೊನೆಯೇ ಆಗಿಬಿಡಬಹುದು.

ಆಗ ನನಗೆ ಹೊಳೆದದ್ದು ನಮ್ಮ ಮದರಸಾದ ಪದ್ಧತಿ. ಕುರ್‌ಆನ್ ಕಂಠಪಾಠ ಮಾಡುವ ಮಗು ದಿನವೂ ಮೂರು ಬಗೆಯ ಪಾಠ ಒಪ್ಪಿಸುತ್ತದೆ. ಇವತ್ತಿನ ಹೊಸ ಪಾಠಕ್ಕೆ ಸಬಕ್ ಎನ್ನುತ್ತೇವೆ. ಕಳೆದ ಕೆಲವು ದಿನಗಳದ್ದು ಸಬಕ್ ಪಾರಾ. ಹಿಂದೆ ಮುಗಿಸಿದ್ದನ್ನು ಸರದಿಯಂತೆ ತಿರುಗಿ ಹೇಳುವುದು ಆಮೂಖ್ತಾ. ಹೊಸದು ಎಷ್ಟೇ ಚೆನ್ನಾಗಿ ಬಂದರೂ ಹಳೆಯದು ಒಪ್ಪಿಸದೆ ಉಸ್ತಾದರು ಬಿಡುವುದಿಲ್ಲ. ಗ್ರಂಥವನ್ನು ತಿಂಗಳಲ್ಲಿ ಮುಗಿಸುವವರಿಗೆ 30 ಪಾರಾ, ವಾರದಲ್ಲಿ ಮುಗಿಸುವವರಿಗೆ 7 ಮಂಜಿಲ್ ಎಂಬ ವಿಭಾಗಗಳಿವೆ. ದೊಡ್ಡದನ್ನು ಚಿಕ್ಕದಾಗಿ ಹಂಚಿಕೊಂಡು ಸರದಿಯಲ್ಲಿ ತಿರುಗಿಸುವ ಜಾಣತನ ಇದು. 1961ರಲ್ಲಿ ಈಜಿಪ್ಟಿನ ಖಾರಿ ಮಹಮೂದ್ ಖಲೀಲ್ ಅಲ್-ಹುಸರಿಯವರ ಧ್ವನಿಯಲ್ಲಿ ಇಡೀ ಕುರ್‌ಆನ್ ಪಠಣ ಗ್ರಾಮಫೋನ್ ತಟ್ಟೆಗಳಲ್ಲಿ ಹೊರಬಂದ ಮೇಲೆ, ಕೇಳಿ ತಿದ್ದಿಕೊಳ್ಳುವ ಅನುಕೂಲ ದೂರದ ಊರುಗಳಿಗೂ ಸಿಕ್ಕಿತು.

ಮನಶ್ಶಾಸ್ತ್ರವೂ ಇದನ್ನೇ ಹೇಳುತ್ತದೆ. ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಕಲಿತದ್ದು ಮೊದಲ ಕೆಲವು ತಾಸು, ಮೊದಲ ಒಂದೆರಡು ದಿನಗಳಲ್ಲಿಯೇ ಹೆಚ್ಚು ಮರೆತುಹೋಗುತ್ತದೆ, ಬಿಡುವು ಕೊಟ್ಟು ತಿರುಗಿ ಕಲಿತರೆ ಉಳಿಯುತ್ತದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಇನ್ನೊಂದು ಮಾತು ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ನಮ್ಮ ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲ. ಆದ್ದರಿಂದ ಕೇಳುವುದು ಅರ್ಧ ಕೆಲಸ, ಒಪ್ಪಿಸುವುದು ಉಳಿದರ್ಧ.

ಈಗ ಮಾಡುವ ಕ್ರಮ ಹೇಳುತ್ತೇನೆ. ಬರೆದುಕೊಳ್ಳಿರಿ.

ಒಂದು: ಉಪನ್ಯಾಸಕರ ಅನುಮತಿ ಇಲ್ಲದೆ ಧ್ವನಿಮುದ್ರಣ ಮಾಡಬೇಡಿರಿ. ಅನುಮತಿ ಸಿಕ್ಕರೆ ಮುಂದಿನ ಬೆಂಚಿನಲ್ಲಿ ಕೂಡಿರಿ. ಫ್ಯಾನಿನ ಕೆಳಗೆ ಕುಳಿತರೆ ಫ್ಯಾನಿನದೇ ಪಾಠ ಕೇಳಬೇಕಾದೀತು.

ಎರಡು: ಒಂದು ತಾಸಿನ ಪಾಠವನ್ನು ಇಡಿಯಾಗಿ ಇಟ್ಟುಕೊಳ್ಳಬೇಡಿರಿ. ಅದರಲ್ಲಿ ಹಾಜರಿ, ಗದ್ದಲ, ಬೈಗುಳ ಎಲ್ಲ ಇರುತ್ತವೆ. ಎಂಟು ಹತ್ತು ನಿಮಿಷದ ತುಂಡು ಮಾಡಿ, ಒಂದು ತುಂಡಿಗೆ ಒಂದೇ ಸಂಗತಿ ಇರಲಿ. ಇದಕ್ಕಿಂತಲೂ ಒಳ್ಳೆಯದು, ಟಿಪ್ಪಣಿ ನೋಡಿಕೊಂಡು ನಿಮ್ಮದೇ ಧ್ವನಿಯಲ್ಲಿ ಪಾಠದ ಸಾರವನ್ನು ಹೇಳಿ ಮುದ್ರಿಸಿಕೊಳ್ಳುವುದು. ಹೇಳಲು ಹೋದಾಗಲೇ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದು ಗೊತ್ತಾಗುತ್ತದೆ.

ಮೂರು: ಅದೇ ದಿನ ಹೆಸರು ಕೊಡಿರಿ. ಮೊದಲು ವಿಷಯ, ನಂತರ ಅಧ್ಯಾಯದ ಅಂಕಿ, ನಂತರ ತುಂಡಿನ ಅಂಕಿ, ಕೊನೆಗೆ ಸಂಗತಿ. ಅಂಕಿಯನ್ನು 01, 02 ಎಂದೇ ಬರೆಯಿರಿ. ಬರೀ 1, 2 ಎಂದರೆ ಕೆಲವು ಫೋನುಗಳಲ್ಲಿ 1ರ ನಂತರ 10 ಬಂದು ನಿಲ್ಲುತ್ತದೆ, ಕ್ರಮವೆಲ್ಲ ಕೆಡುತ್ತದೆ.

ನಾಲ್ಕು: ಫೋನಿನ ಪ್ಲೇಯರಿನಲ್ಲಿ ಮೂರು ಪ್ಲೇಲಿಸ್ಟ್ ಮಾಡಿರಿ: ಸಬಕ್, ಸಬಕ್ ಪಾರಾ, ಆಮೂಖ್ತಾ. ಇವತ್ತಿನ ಪಾಠ ಮೊದಲನೆಯದರಲ್ಲಿ. ಮರುದಿನ ಅದು ಎರಡನೆಯದಕ್ಕೆ ಹೋಗಿ ಒಂದು ವಾರ ಅಲ್ಲಿಯೇ ಇರಲಿ. ತಡವರಿಸದೆ ಒಪ್ಪಿಸಲು ಬಂದರೆ ಮಾತ್ರ ಮೂರನೆಯದಕ್ಕೆ. ಬರದಿದ್ದರೆ ಮರಳಿ ಮೊದಲನೆಯದಕ್ಕೆ. ಮೂರನೆಯ ಪಟ್ಟಿಯನ್ನು ಏಳು ಭಾಗ ಮಾಡಿ ದಿನಕ್ಕೊಂದು ಭಾಗ ಕೇಳಿದರೆ ವಾರಕ್ಕೊಮ್ಮೆ ಎಲ್ಲವೂ ಸುತ್ತಿ ಬರುತ್ತದೆ. ಪಟ್ಟಿ ಬೆಳೆದಂತೆ ಹದಿನೈದು ದಿನಕ್ಕೊಮ್ಮೆ ಆದರೂ ಸರಿ.

ಐದು: ಪ್ರತಿ ತುಂಡಿನ ಕೊನೆಗೆ ನಿಮ್ಮ ಧ್ವನಿಯಲ್ಲಿ ಎರಡು ಪ್ರಶ್ನೆ ಕೇಳಿರಿ. ನಂತರ ಅರ್ಧ ನಿಮಿಷ ಮೌನ ಬಿಡಿರಿ, ಆಮೇಲೆ ಉತ್ತರ. ಆ ಮೌನದಲ್ಲಿ ಬಾಯಿ ಬಿಟ್ಟು ಉತ್ತರ ಹೇಳಬೇಕು. ಬಸ್ಸಿನಲ್ಲಿದ್ದರೆ ಮನಸ್ಸಿನಲ್ಲಿ ಹೇಳಿದರೂ ನಡೆದೀತು.

ಆರು: ಉರ್ದು ಮಾಧ್ಯಮದಿಂದ ಬಂದವರು ಒಂದು ನಾಲ್ಕನೆಯ ಪಟ್ಟಿ ಮಾಡಿಕೊಳ್ಳಬೇಕು, ಅದು ಶಬ್ದಗಳ ಪಟ್ಟಿ. ಖಲಿಯಾ, ಜೀವಕೋಶ, ಸೆಲ್. ಮುಸಲ್ಲಸ್, ತ್ರಿಭುಜ, ಟ್ರಯಾಂಗಲ್. ಜಿಯಾಯಿ ತಾಲೀಫ್, ದ್ಯುತಿಸಂಶ್ಲೇಷಣೆ, ಫೋಟೋಸಿಂಥಸಿಸ್. ಹೀಗೆ ಮೂರೂ ಭಾಷೆಯಲ್ಲಿ ಹೇಳಿ ಮುದ್ರಿಸಿರಿ. ನಮ್ಮ ಮಕ್ಕಳು ಎಡವುವುದು ವಿಷಯದಲ್ಲಲ್ಲ, ಹೆಸರಿನಲ್ಲಿ. ಗೊತ್ತಿರುವ ಸಂಗತಿಯೇ ಬೇರೆ ಅಂಗಿ ತೊಟ್ಟು ಬಂದಾಗ ಗುರುತು ಸಿಗುವುದಿಲ್ಲ.

ಎರಡು ಎಚ್ಚರಿಕೆಯ ಮಾತು. ಗಣಿತ, ಲೆಕ್ಕಶಾಸ್ತ್ರ, ಚಿತ್ರ ನಕಾಶೆಗಳ ಭಾಗಕ್ಕೆ ಈ ವಿಧಾನ ಒಗ್ಗುವುದಿಲ್ಲ. ಅಲ್ಲಿ ಪೆನ್ನು ಹಿಡಿಯಲೇಬೇಕು. ಸೂತ್ರ, ವ್ಯಾಖ್ಯೆಗಳನ್ನು ಮಾತ್ರ ಕೇಳಿರಿ. ಇನ್ನೊಂದು, ಬೈಕ್ ಓಡಿಸುವಾಗ, ರಸ್ತೆ ದಾಟುವಾಗ ಕಿವಿಗೆ ಏನನ್ನೂ ಹಾಕಬೇಡಿರಿ. ಶಿಗ್ಗಾಂವದ ಮಗ್ಗುಲಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳಿಗೆ ನಿಮ್ಮ ಪರೀಕ್ಷೆಯ ಚಿಂತೆ ಇರುವುದಿಲ್ಲ.

ಹಾಗಾದರೆ ಕೇಳುವುದು ಯಾವಾಗ? ಹಳ್ಳಿಯಿಂದ ತಾಲೂಕಿಗೆ, ತಾಲೂಕಿನಿಂದ ಹಾವೇರಿ ಹುಬ್ಬಳ್ಳಿಗೆ ಪಾಸಿನ ಮೇಲೆ ಓಡಾಡುವ ನಿಮಗೆ ಬಸ್ಸಿನ ಹೊತ್ತೇ ಬಂಡವಾಳ. ಮನೆಗೆಲಸದ ಹೊತ್ತೂ ಹಾಗೆಯೇ. ನನ್ನ ಆಪಾನ ಮಗಳು ರೊಟ್ಟಿ ಬಡಿಯುವಾಗ ಕೇಳಲು ನೋಡಿದಳು. ಬಡಿತದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಜೋಳ ಹಸನು ಮಾಡುವಾಗ, ಬಟ್ಟೆ ಮಡಚುವಾಗ ಕೇಳಿಸಿತು. ಇಯರ್‌ಫೋನು ಕೆಟ್ಟಿದ್ದರಿಂದ ಫೋನನ್ನು ಅಟ್ಟಣಿಗೆಯ ಮೇಲಿಟ್ಟು ಜೋರಾಗಿಯೇ ಹಚ್ಚುತ್ತಿದ್ದಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನಮ್ಮ ಆಪಾ ದಿನವೂ ಕೇಳಿ ಕೇಳಿ, ಮೌನ ಬಂದಾಗ ತಾನೇ ಪ್ರಶ್ನೆ ತಿರುಗಿ ಕೇಳತೊಡಗಿದಳು. ಮಗಳು ತಡವರಿಸಿದರೆ, "ನಿನ್ನೆ ಹೀಗೆ ಹೇಳಿರಲಿಲ್ಲವಲ್ಲ ಬೇಟಾ" ಎನ್ನುತ್ತಿದ್ದಳು. ಆಗ ಇದ್ದ ಪೂರಕ ಪರೀಕ್ಷೆಯಲ್ಲಿ ಹುಡುಗಿ ಒಂದು ವಿಷಯ ಪಾಸಾದಳು, ಇನ್ನೊಂದಕ್ಕೆ ಮತ್ತೊಮ್ಮೆ ಕೂಡಬೇಕಾಯಿತು. ಇದು ಜಾದೂ ಅಲ್ಲ ಎಂದು ನಿಮಗೆ ತಿಳಿಯಲೆಂದೇ ಹೇಳಿದೆ. ಆದರೆ ಆ ನಡುವೆ ಓದು ಬಿಡಿಸುವ ಮಾತು ಮನೆಯಲ್ಲಿ ನಿಂತುಹೋಗಿತ್ತು. ನಿಲ್ಲಿಸಿದವಳು ಆಪಾ. ಮಗಳು ಏನು ಓದುತ್ತಿದ್ದಾಳೆ ಎಂಬುದು ಮೊದಲ ಸಲ ಅವಳಿಗೂ ಗೊತ್ತಾಗಿತ್ತು.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ವಿನಂತಿ. 2020ರ ಕೊರೋನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಪಾಠಗಳು ಬಂದಾಗ, ಟಿವಿ ಇಲ್ಲದ ಮನೆಯ ಮಕ್ಕಳು ಹಿಂದೆ ಬಿದ್ದದ್ದನ್ನು ಕಂಡಿದ್ದೇವೆ. ಇಂಟರ್‌ನೆಟ್ ಇಲ್ಲದೆಯೂ ನಡೆಯುವ ಧ್ವನಿ ಗ್ರಂಥಾಲಯವನ್ನು ನಾವೇ ಕಟ್ಟಬಹುದು. ಹಾನಗಲ್ಲಿನವರು ಇತಿಹಾಸ, ಶಿಗ್ಗಾಂವದವರು ವಿಜ್ಞಾನ, ಸವಣೂರಿನವರು ಕನ್ನಡ ಮತ್ತು ಉರ್ದು ಶಬ್ದಪಟ್ಟಿ, ಹಿರೇಕೆರೂರಿನವರು ಅರ್ಥಶಾಸ್ತ್ರ ಹೀಗೆ ಹಂಚಿಕೊಳ್ಳಲಿ. ನಿವೃತ್ತ ಶಿಕ್ಷಕರು ತಾವೇ ತಯಾರಿಸಿದ ಪಾಠ ಹೇಳಲಿ, ಕಾಲೇಜು ಹುಡುಗರು ತುಂಡು ಮಾಡಿ ಹೆಸರು ಕೊಡಲಿ. ಮೆಮೊರಿ ಕಾರ್ಡಿನಲ್ಲಿ ಹಾಕಿ ಕೊಟ್ಟರೆ ಯಾವ ಹಳ್ಳಿಗೂ ಮುಟ್ಟುತ್ತದೆ. ದೃಷ್ಟಿ ಇಲ್ಲದ ಮಕ್ಕಳಿಗಾಗಿ ಪುಸ್ತಕಗಳನ್ನೇ ಓದಿ ಮುದ್ರಿಸಿಕೊಡಲು 2012ರ ಕೃತಿಸ್ವಾಮ್ಯ ಕಾಯ್ದೆ ತಿದ್ದುಪಡಿಯಲ್ಲಿ ಅವಕಾಶವಿದೆ. ಇಬ್ಬರು ಗವಾಯಿಗಳ ತಾಲೂಕಿನಲ್ಲಿ ಆ ಕೆಲಸ ಮೊದಲಾಗುವುದು ಶೋಭೆಯ ಮಾತು.

ನಮ್ಮ ಧರ್ಮದ ಮೊದಲ ಆದೇಶ ಇಕ್ರಾ. ಅದಕ್ಕೆ ಓದು ಎಂದೂ ಅರ್ಥ, ಬಾಯಿಬಿಟ್ಟು ಪಠಿಸು ಎಂದೂ ಅರ್ಥ. ಕಿವಿಯಿಂದ ಒಳಗೆ ಹೋದದ್ದು ಬಾಯಿಂದ ಹೊರಗೆ ಬಂದಾಗಲೇ ಪಾಠ ನಮ್ಮದಾಗುತ್ತದೆ. ಈ ರಾತ್ರಿ ಮನೆಗೆ ಹೋದ ಮೇಲೆ ನಿಮ್ಮ ಫೋನು ತೆಗೆದು, ಹೆಸರಿಲ್ಲದ ಹತ್ತು ಪಾಠಗಳಿಗೆ ಹೆಸರು ಕೊಟ್ಟು ಮಲಗಿರಿ. ಅಲ್ಲಾಹನು ನಿಮ್ಮ ವಿದ್ಯೆಯಲ್ಲಿ ಬರಕತ್ ನೀಡಲಿ, ಆಮೀನ್.